20×30 ಅಡಿ ಮನೆಯಲ್ಲಿ ಸಂಪು, ಯುಪಿಎಸ್, ವಾಷಿಂಗ್ ಮೆಷಿನ್‌ಗೆ ಜಾಗ ಎಲ್ಲಿ?

ನೆಲಮಾಳಿಗೆಯಿಲ್ಲದ 20×30 ಅಡಿ ನಿವೇಶನದಲ್ಲಿ ಇವನ್ನೆಲ್ಲ ಎಲ್ಲಿಡುವುದು ಎಂದು ಕೇಳಿದ್ದೀರಿ. ಮೊದಲು ಸಂಪನ್ನು ತೀರ್ಮಾನಿಸಿ, ಏಕೆಂದರೆ ತಳಪಾಯದ ಹೊತ್ತಿಗೆ ಎಡವಿದರೆ ಆಮೇಲೆ ತಿದ್ದುವುದು ಬಹಳ ಕಷ್ಟ. ಒಳಗೆ 6×5×5 ಅಡಿ ಇದ್ದರೆ ಸುಮಾರು 4,200 ಲೀಟರ್ ನೀರು ಹಿಡಿಯುತ್ತದೆ. ಕಾರು ನಿಲ್ಲಿಸುವ ಜಾಗದ ಕೆಳಗೇ ಮಾಡಿಸಬಹುದು. ಮೇಲಿನ ಸ್ಲ್ಯಾಬ್ ವಾಹನದ ಭಾರ ತಾಳುವಂತಿರಲಿ, ಮುಚ್ಚಳ ಮಾತ್ರ ಗೋಡೆಯ ಪಕ್ಕಕ್ಕೆ ಬರಲಿ. ನಮ್ಮ ಮನೆಯಲ್ಲಿ ಅದು ಕಾರಿನ ಹೊಟ್ಟೆಯ ಕೆಳಗೇ ಬಂದುಬಿಟ್ಟಿದೆ. ಟ್ಯಾಂಕರ್ ಬಂದಾಗಲೆಲ್ಲ ಕಾರನ್ನು ಬೀದಿಗೆ ತೆಗೆಯಬೇಕು. ಮುಚ್ಚಳದ ಅಂಚು ನೆಲಕ್ಕಿಂತ ಎರಡು ಇಂಚು ಎತ್ತರವಿರಲಿ, ಇಲ್ಲದಿದ್ದರೆ ಅಂಗಳ ತೊಳೆದ ನೀರು ಒಳಗೆ ಇಳಿಯುತ್ತದೆ.

ಮೆಟ್ಟಿಲ ಕೆಳಗಿನ ಜಾಗವನ್ನು ಹಳೆ ಸಾಮಾನಿಗೆ ಬಿಟ್ಟುಕೊಡಬೇಡಿ. ಯುಪಿಎಸ್‌ಗೆ ಅದೇ ಸರಿ. ಆದರೆ ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಎಂಬ ಬೇಗ ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಹಾಗಾಗಿ ಪೂರ್ತಿ ಮುಚ್ಚುವ ಬಾಗಿಲು ಬೇಡ, ಜಾಲರಿ ಹಾಕಿಸಿ. ಡಿಸ್ಟಿಲ್ಡ್ ವಾಟರ್ ಸುರಿಯಲು ಬ್ಯಾಟರಿಯ ಮೇಲೆ ಒಂದಡಿಯಾದರೂ ಖಾಲಿ ಇರಲಿ.

ವಾಷಿಂಗ್ ಮೆಷಿನ್ ಎರಡಡಿ ಅಗಲವಿದ್ದರೂ ಹಿಂದಿನ ಪೈಪು ಸೇರಿ ಎರಡೂವರೆ ಅಡಿ ಆಳ ಬೇಕು. ಅಡುಗೆಮನೆಯ ಹಿಂದೆ ನಲ್ಲಿ, ನೀರು ಹೋಗುವ ದಾರಿ, ಪ್ಲಗ್ ಮೂರನ್ನೂ ನಕ್ಷೆಯಲ್ಲೇ ಗುರುತಿಸಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಗೂಡಿಗೆ ಗಾಳಿಕಿಂಡಿಯನ್ನು ನೆಲಕ್ಕೆ ತಾಗಿದಂತೆಯೇ ಬಿಡಿಸಿ.

ಸೋಲಾರ್ ಹೀಟರ್ ಹಾಕಿಸುವ ಯೋಚನೆಯಿದ್ದರೆ, ನೀರು ಮೇಲಿನಿಂದ ತಾನಾಗಿ ಹೀಟರ್‌ಗೆ ಇಳಿಯುವಂತೆ ತಣ್ಣೀರಿನ ಟ್ಯಾಂಕಿನ ಕಟ್ಟೆಯನ್ನು ಈಗಲೇ ಎತ್ತರಿಸಿ.