ಡುಲುತ್ ಚಳಿಯಲ್ಲಿ ಗೂಬೆ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಾವು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿದ್ದೇವೆ. ಕ್ರಿಸ್‌ಮಸ್ ರಜೆಯಲ್ಲಿ ಇದೇ ರಾಜ್ಯದ ಉತ್ತರದ ಡುಲುತ್‌ಗೆ ಹೋಗಿ ಎರಡು ದಿನ ಸುಪೀರಿಯರ್ ಸರೋವರದ ದಂಡೆಯಲ್ಲೇ ಸುತ್ತಾಡಿದೆವು. ಗೂಬೆ ನೋಡಬೇಕೆಂದು ಮಕ್ಕಳಿಗೆ ಆಸೆ. ಒಂದೂ ಕಾಣಲಿಲ್ಲ. ಅಷ್ಟು ಚಳಿಯಲ್ಲಿ ಹಕ್ಕಿಗಳು ನಿಜವಾಗಿ ಅಲ್ಲಿಗೆ ಬರುತ್ತವೆಯೇ?

ಉತ್ತರ: ಬರುತ್ತವೆ. ಮೈನಸ್ ಇಪ್ಪತ್ತು ಡಿಗ್ರಿ ಅಂದರೆ ನಮಗೆ ನಡುಕ. ಆದರೆ ಕೆನಡಾದ ಕಾಡಿನಿಂದ, ಆರ್ಕ್‌ಟಿಕ್ ಬಯಲಿನಿಂದ ಬರುವ ಹಕ್ಕಿಗೆ ಡುಲುತ್ ದಕ್ಷಿಣದ ಊರು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವಲ್ಲ, ಹಾಗೇ. ಒಂದೇ ವ್ಯತ್ಯಾಸ: ಹೆಬ್ಬಾತು ವರ್ಷ ತಪ್ಪಿಸುವುದಿಲ್ಲ, ಇಲ್ಲಿಯ ಹಲವು ಹಕ್ಕಿಗಳಿಗೆ ಅಂಥ ನೇಮವಿಲ್ಲ. ಮೇಲೆ ಊಟ ಸಿಕ್ಕರೆ ಅಲ್ಲೇ ಉಳಿಯುತ್ತವೆ. ಸಿಗದಿದ್ದರೆ ಕೆಳಗಿಳಿಯುತ್ತವೆ. ಉತ್ತರದ ಬರ್ಚ್, ಸ್ಪ್ರೂಸ್ ಮರಗಳೂ ನಮ್ಮ ಮಾವಿನ ಹಾಗೆ, ಒಂದು ವರ್ಷ ಸುರಿದರೆ ಇನ್ನೊಂದು ವರ್ಷ ಕೈಕೊಡುತ್ತವೆ. ಬೀಜ ಕಡಿಮೆಯಾದ ವರ್ಷ ರೆಡ್‌ಪೋಲ್ ಎಂಬ ಬೀಜ ತಿನ್ನುವ ಪುಟ್ಟ ಹಕ್ಕಿಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಮರುವರ್ಷ ಹುಡುಕಿದರೂ ಸಿಗದೆ ಹೋಗಬಹುದು.

ಹಾಗಾಗಿ ಹಕ್ಕಿ ಹುಡುಕಬೇಡಿ, ಅದರ ಊಟ ಹುಡುಕಿ. ಡುಲುತ್ ಬೀದಿಗಳಲ್ಲಿ ಕೆಂಪು ಹಣ್ಣು ಜೋತಾಡುವ ಮೌಂಟನ್ ಆಶ್ ಮರ ಕಂಡರೆ ಕಾರು ನಿಧಾನ ಮಾಡಿ. ಬೊಹೀಮಿಯನ್ ವ್ಯಾಕ್ಸ್‌ವಿಂಗ್ ಎಂಬ ಹಣ್ಣು ತಿನ್ನುವ ಹಕ್ಕಿಗಳು ಅಲ್ಲಿಗೇ ಬರುವುದು. ಸುಪೀರಿಯರ್ ಸರೋವರ ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ನೀರು ತೆರೆದಿರುವಲ್ಲಿ ಗೋಲ್ಡನ್‌ಐ ಬಾತುಗಳು ಮುಳುಗಿ ಏಳುತ್ತಿರುತ್ತವೆ. ಉದ್ದ ಬಾಲದ ಬಾತು ಬೇಕಿದ್ದರೆ ದಂಡೆ ಹಿಡಿದು ಗ್ರ್ಯಾಂಡ್ ಮರೈ ಬಂದರಿನ ತನಕ ಹೋಗಿ.

ಇನ್ನು ಗೂಬೆ. ನೀವು ಹುಡುಕಿದ ಜಾಗವೇ ಬೇರೆ. ಬಂದರು, ವಿಮಾನ ನಿಲ್ದಾಣದ ಸುತ್ತಲಿನ ಬಯಲಲ್ಲಿ ಬಿಳಿ ಹಿಮಗೂಬೆ ಕಾಣುವುದುಂಟು. ಆದರೆ ದೊಡ್ಡ ಬೂದುಗೂಬೆ, ಅಂದರೆ ಗ್ರೇಟ್ ಗ್ರೇ ಔಲ್ ಬೇಕು ಅಂದರೆ ಡುಲುತ್‌ನಿಂದ ವಾಯವ್ಯಕ್ಕೆ ಸುಮಾರು ಒಂದು ತಾಸು ಓಡಿಸಿ, ಸ್ಯಾಕ್ಸ್-ಝಿಮ್ ಬಾಗ್‌ಗೆ ಹೋಗಬೇಕು. ಸುಮಾರು 300 ಚದರ ಮೈಲಿಯ ಜೌಗುನೆಲ. ಕುಳ್ಳು ಸ್ಪ್ರೂಸ್, ಟ್ಯಾಮರ‍್ಯಾಕ್ ಮರಗಳು, ನಡುನಡುವೆ ಹುಲ್ಲುಗಾವಲು. ಆ ಹುಲ್ಲಿನಲ್ಲಿ ವೋಲ್ ಎಂಬ ಮೋಟುಬಾಲದ ಇಲಿ ಇದೆ. ಅದೇ ಈ ಗೂಬೆಯ ಅನ್ನ.

ನೋಡಲು ಇದು ದೈತ್ಯ. ಮೈಯೆಲ್ಲ ಪುಕ್ಕ, ತೂಕ ಮಾತ್ರ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ. ಬೇಟೆಯನ್ನು ಕಿವಿಯಿಂದಲೇ ಹುಡುಕುತ್ತದೆ. ತಟ್ಟೆಯಂಥ ಮುಖ ಸದ್ದನ್ನು ಕಿವಿಗೆ ತಿರುಗಿಸುತ್ತದೆ. ಎರಡು ಕಿವಿಯ ತೂತುಗಳು ಸಮ ಎತ್ತರದಲ್ಲಿಲ್ಲ, ಅದರಿಂದಲೇ ಸದ್ದು ಎಲ್ಲಿಂದ ಬಂತೆಂದು ಕರಾರುವಾಕ್ಕಾಗಿ ತಿಳಿಯುತ್ತದೆ. ಕಂಬದ ಮೇಲೆ ಕೂತು ತಲೆ ಬಗ್ಗಿಸಿ ಹಿಮವನ್ನೇ ದಿಟ್ಟಿಸುತ್ತದೆ. ಆಮೇಲೆ ಸದ್ದಿಲ್ಲದೆ ತೇಲಿ ಬಂದು ಕಾಲು ಮುಂದೆ ಚಾಚಿ ಧೊಪ್ಪನೆ ಬೀಳುತ್ತದೆ. ಎರಡಡಿ ಹಿಮದ ಕೆಳಗಿನ ಇಲಿಯನ್ನೂ ಬಿಡುವುದಿಲ್ಲ. ಮಳೆ ಬಿದ್ದು ಹಿಮದ ಮೇಲೆ ಗಟ್ಟಿ ಪೊರೆ ಕಟ್ಟಿದರೆ ಮಾತ್ರ ಕಷ್ಟ.

ಬೆಳಗ್ಗೆ ಬೆಳಕು ಹರಿಯುವಾಗ, ಮತ್ತೆ ಮಧ್ಯಾಹ್ನ ಮೂರರ ನಂತರ ರಸ್ತೆಯಂಚಿನ ಕಂಬ, ಮರದ ತುದಿ ನೋಡುತ್ತಾ ನಿಧಾನ ಹೋಗಿ. ಅಲ್ಲಿ ಕೆಲವು ಗೂಬೆಗಳು ವರ್ಷವಿಡೀ ಇರುತ್ತವೆ, ಕೆನಡಾದಲ್ಲಿ ವೋಲ್ ಸಂಖ್ಯೆ ಕುಸಿದ ವರ್ಷ ಅತಿಥಿಗಳೂ ಸೇರುತ್ತಾರೆ. 2004-05ರ ಚಳಿಗಾಲದಲ್ಲಿ ಮಿನ್ನೆಸೋಟದಲ್ಲಿ ಐದು ಸಾವಿರಕ್ಕೂ ಹೆಚ್ಚು ಬೂದುಗೂಬೆ ಎಣಿಕೆಗೆ ಸಿಕ್ಕಿದ್ದವು. ಅಂಥ ವರ್ಷ ಮತ್ತೆ ಬೇಗ ಬರುತ್ತದೆ ಅಂತ ಕಾಯಬೇಡಿ.

ಪ್ರಶ್ನೆ: ಫೋಟೋಗಾಗಿ ಕೆಲವರು ಗೂಬೆಗೆ ಇಲಿ ಹಾಕಿ ಕರೆಯುತ್ತಾರಂತೆ. ಅದರಲ್ಲಿ ತಪ್ಪೇನು? ಹಕ್ಕಿಗೂ ಊಟ ಸಿಗುತ್ತದಲ್ಲ?

ಉತ್ತರ: ನನಗೆ ಅದು ಒಂದಿಷ್ಟೂ ಸರಿ ಕಾಣುವುದಿಲ್ಲ. ಅಂಗಡಿಯ ಇಲಿ ತಿಂದ ಗೂಬೆ ಕಾರು ನಿಂತಲ್ಲೆಲ್ಲ ಊಟ ಅಂದುಕೊಳ್ಳುತ್ತದೆ. ರಸ್ತೆ ಮಟ್ಟದಲ್ಲೇ ಹಾರುವ ಹಕ್ಕಿ, ಹಿಂದಿನಿಂದ ಬರುವ ಟ್ರಕ್ ನೋಡುವುದಿಲ್ಲ. ಈ ಗೂಬೆಗಳು ವಾಹನಕ್ಕೆ ಬಡಿದು ಸಾಯುವುದು ಮೊದಲೇ ಜಾಸ್ತಿ. ಕಾರಿನಲ್ಲೇ ಕೂತು ಎಂಜಿನ್ ಆಫ್ ಮಾಡಿ ಕಾಯಿರಿ. ಗೂಬೆ ಹಿಮ ಬಿಟ್ಟು ನಿಮ್ಮನ್ನೇ ನೋಡುತ್ತಿದ್ದರೆ ಹತ್ತಿರ ಹೋಗಿದ್ದು ಜಾಸ್ತಿಯಾಯಿತು, ಹಿಂದೆ ಸರಿಯಿರಿ. ಬಾಗ್‌ನಲ್ಲಿ ಖಾಸಗಿ ಜಮೀನೂ ಬಹಳ, ಬೇಲಿ ದಾಟಬೇಡಿ.

ಪ್ರಶ್ನೆ: ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಮಂಡಿನೋವು, ಹಿಮದಲ್ಲಿ ನಡೆಯಲಾರರು. ಅವರಿಗೂ ಏನಾದರೂ ತೋರಿಸಬಹುದಾ?

ಉತ್ತರ: ಧಾರಾಳವಾಗಿ. ಬಾಗ್‌ನಲ್ಲಿ ಹಲವು ಕಡೆ ಹಕ್ಕಿಗಳಿಗೆ ಕಾಳು, ಕೊಬ್ಬು ಇಡುವ ಫೀಡರ್‌ಗಳಿವೆ. ಪಕ್ಕದಲ್ಲಿ ಕಾರು ನಿಲ್ಲಿಸಿದರೆ ಸಾಕು. ಚಳಿಗಾಲದಲ್ಲಿ ವೆಲ್‌ಕಮ್ ಸೆಂಟರ್ ತೆರೆದಿದ್ದರೆ ಒಳಗೆ ಬೆಚ್ಚಗೆ ಕೂತೂ ನೋಡಬಹುದು. ಪೈನ್ ಗ್ರೋಸ್‌ಬೀಕ್ ಹಕ್ಕಿಯ ಗುಲಾಬಿ ಬಣ್ಣದ ಗಂಡನ್ನು ಅಮ್ಮನವರು ಖಂಡಿತ ಮೆಚ್ಚುತ್ತಾರೆ. ಕೆನಡಾ ಜೇ ಎಂಬ ಬೂದು ಹಕ್ಕಿ ಸಿಕ್ಕಿದ್ದನ್ನು ಅಂಟು ಜೊಲ್ಲಿನಿಂದ ಮರದ ತೊಗಟೆಗೆ ಅಂಟಿಸಿ ಬಚ್ಚಿಡುವುದನ್ನೂ ತೋರಿಸಿ. ಚಿಕಡಿ ಎಂಬ ಪುಟ್ಟ ಹಕ್ಕಿಗಳು ಗುಂಪಾಗಿ ಬರುತ್ತವೆ. ಹೆಚ್ಚಿನವಕ್ಕೆ ಕಪ್ಪು ಟೋಪಿ. ಅವುಗಳ ನಡುವೆ ಕಂದು ಟೋಪಿಯದೊಂದು ಕಂಡರೆ ಅದು ಬೋರಿಯಲ್ ಚಿಕಡಿ. ಅದಕ್ಕಾಗಿಯೇ ಜನ ದೂರದ ರಾಜ್ಯಗಳಿಂದ ಇಲ್ಲಿಗೆ ಬರುತ್ತಾರೆ.