ಹಗುರ, ಸರಿ. ಕರ್ನೆಲ್ ಯಾರದ್ದು?

ಓದುಗರೊಬ್ಬರ ಪತ್ರ: “8 ಜಿಬಿ ರ‍್ಯಾಮ್‌ನ ಹಳೇ ಸರ್ವರ್ ಇದೆ. ಒಂದು ಡೇಟಾಬೇಸ್, ಎರಡು ವೆಬ್‌ಸೈಟ್, ಜೊತೆಗೆ ವಿಂಡೋಸ್‌ನಲ್ಲಿ ಮಾತ್ರ ಓಡುವ ಹಳೇ ಲೆಕ್ಕಪತ್ರದ ಸಾಫ್ಟ್‌ವೇರ್ ನಡೆಸಬೇಕು. ಎಲ್ಲವನ್ನೂ ಕಂಟೇನರ್‌ಗೆ ಹಾಕಲೇ? ಅಥವಾ ಫೈರ್‌ಕ್ರ್ಯಾಕರ್ ನೋಡಲೇ?”

ಎಲ್ಲವನ್ನೂ ಹಾಕಲು ಆಗುವುದಿಲ್ಲ. ಲೆಕ್ಕಪತ್ರದ ಸಾಫ್ಟ್‌ವೇರೇ ಮೊದಲು ತಕರಾರು ತೆಗೆಯುತ್ತದೆ. ಕಂಟೇನರ್ ಅಂದರೆ ಒಂದು ಪ್ರೋಗ್ರಾಂ, ಅದಕ್ಕೆ ಬೇಕಾದ ಫೈಲುಗಳನ್ನು ಸೇರಿಸಿ ಬೇರೆಯಾಗಿ ಇಡುವ ಡಬ್ಬಿ. ಲಿನಕ್ಸ್ ಕಂಟೇನರ್‌ಗೆ ಸ್ವಂತ ಕರ್ನೆಲ್ (ಓಎಸ್‌ನ ತಿರುಳು) ಇರುವುದಿಲ್ಲ, ಹೊರಗಿನ ಯಂತ್ರದ್ದನ್ನೇ ಹಂಚಿಕೊಳ್ಳುತ್ತದೆ. ಅದು ಲಿನಕ್ಸ್, ನಿಮ್ಮ ಸಾಫ್ಟ್‌ವೇರ್‌ಗೆ ಬೇಕಾದದ್ದು ವಿಂಡೋಸ್. ಇನ್ನೊಂದು ಓಎಸ್ ಬೂಟ್ ಆಗಬೇಕಿಲ್ಲ, ಅದಕ್ಕೆಂದು ರ‍್ಯಾಮ್ ಎತ್ತಿಡಬೇಕಿಲ್ಲ. ಹಗುರ ಆಗಿರುವುದೇ ಇದರಿಂದ. ತೊಂದರೆ ಬರುವುದೂ ಇದರಿಂದಲೇ.

ನಾನೇ ಅನುಭವಿಸಿದ್ದೇನೆ. ಕೆಲವು ವರ್ಷದ ಹಿಂದೆ ಅಗ್ಗಕ್ಕೆ ಸಿಕ್ಕಿತು ಅಂತ ಓಪನ್‌ವಿಜೆಡ್ (ಇದೂ ಒಂದು ಕಂಟೇನರ್ ವ್ಯವಸ್ಥೆ) ಮೇಲಿನ ಬಾಡಿಗೆ ಸರ್ವರ್ ಹಿಡಿದೆ. ಕರ್ನೆಲ್ 2.6.32. ಒಂದು ರಾತ್ರಿ ಸುಮ್ನೆ ಒಳಗಿನ ಡಿಸ್ಟ್ರೋ (ಲಿನಕ್ಸ್ ಆವೃತ್ತಿ) ಅಪ್‌ಗ್ರೇಡ್ ಮಾಡಲು ಹೋದೆ. ಅರ್ಧದಲ್ಲಿ ‘ಫೇಟಲ್: ಕರ್ನೆಲ್ ಟೂ ಓಲ್ಡ್’ ಅಂತ ಬಂತು. ಆಮೇಲೆ ಯಾವ ಕಮಾಂಡ್ ಕೊಟ್ಟರೂ ಅದೇ ಸಾಲು. ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕೂಡ ಓಡಲಿಲ್ಲ! ಬಹುತೇಕ ಎಲ್ಲ ಕಮಾಂಡ್‌ಗಳೂ ಬಳಸುವ ಮೂಲ ಲೈಬ್ರರಿ ಜಿಲಿಬ್‌ಸಿಗೆ 2.26ರಿಂದ ಮುಂದಕ್ಕೆ ಕನಿಷ್ಠ 3.2 ಕರ್ನೆಲ್ ಬೇಕೇ ಬೇಕು. ಕರ್ನೆಲ್ ಬದಲಿಸೋಣ ಅಂದರೆ ಅದು ನನ್ನದಲ್ಲ, ಬಾಡಿಗೆ ಕೊಟ್ಟವರದ್ದು.

ಫೈರ್‌ಕ್ರ್ಯಾಕರ್ ಬಗ್ಗೆ: ಪುಟ್ಟ ವರ್ಚುವಲ್ ಯಂತ್ರಗಳನ್ನು ನಡೆಸುವ ಸಾಧನ, ಅಮೆಜಾನ್ 2018ರಲ್ಲಿ ಹೊರತಂದದ್ದು. ಒಳಗೆ ಓಡುವ ಪ್ರತಿ ಅತಿಥಿ ಯಂತ್ರಕ್ಕೂ ಬೇರೆ ಕರ್ನೆಲ್ ಇದ್ದರೂ 125 ಮಿಲಿಸೆಕೆಂಡ್‌ನಲ್ಲಿ ಬೂಟ್ ಆಗುತ್ತದೆ. ಹೇಗೆ? ಬಯೋಸ್ ಇಲ್ಲ, ವಿಡಿಯೋ ಕಾರ್ಡ್ ಇಲ್ಲ. ಪರದೆಯೇ ಇಲ್ಲದ ಕಡೆ ನಿಮ್ಮ ಲೆಕ್ಕಪತ್ರ ತೆರೆಯುವುದೆಲ್ಲಿ? ಅದನ್ನು ಬಿಡಿ.

ವಿಂಡೋಸ್ ಒಂದನ್ನು ಕೆವಿಎಂನಲ್ಲಿ (ಲಿನಕ್ಸ್‌ನ ವರ್ಚುವಲ್ ಯಂತ್ರ ವ್ಯವಸ್ಥೆ) ಹಾಕಿ, ಸದ್ಯಕ್ಕೆ 3 ಜಿಬಿ ಕೊಟ್ಟು ನೋಡಿ. ಇಲ್ಲೊಂದು ಕಡೆ ತುಂಬ ಜನ ಎಡವುತ್ತಾರೆ. ಡಿಸ್ಕ್‌ಗೆ ವರ್ಟಿಯೋ (ವರ್ಚುವಲ್ ಯಂತ್ರಕ್ಕೆಂದೇ ಮಾಡಿದ ವೇಗದ ಸಂಪರ್ಕ) ಆರಿಸಿದರೆ ವಿಂಡೋಸ್ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವುದೇ ಇಲ್ಲ, ಪಟ್ಟಿ ಖಾಲಿ. ಗಾಬರಿಯಾಗಿ ಐಡಿಇಗೆ ಬದಲಿಸುತ್ತಾರೆ. ಕೂಡಲೇ ಎಲ್ಲ ನಡೆಯುತ್ತದೆ, ಆದರೆ ಆಮೇಲೆ ಡಿಸ್ಕ್ ಸದಾ ನಿಧಾನ. ಐಡಿಇ ಅಂದರೆ ಹಳೇ ಹಾರ್ಡ್‌ವೇರ್‌ನ ನಟನೆ. ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತದೆ, ವೇಗ ಕೇಳಬಾರದು. ಗಾಬರಿ ಬೇಡ. ವರ್ಟಿಯೋ ಡ್ರೈವರ್‌ನ ಐಎಸ್‌ಒ ಫೈಲನ್ನು ಎರಡನೇ ಸಿಡಿಯಾಗಿ ಸೇರಿಸಿ, ‘ಲೋಡ್ ಡ್ರೈವರ್’ ಒತ್ತಿ. ಡಿಸ್ಕ್ ಕಾಣುತ್ತದೆ. ನಿಮ್ಮ ವಿಂಡೋಸ್ ತೀರಾ ಹಳೆಯದಾಗಿದ್ದರೆ ಅದಕ್ಕೆ ಹೊಂದುವ ಡ್ರೈವರ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಡೇಟಾಬೇಸ್, ವೆಬ್‌ಸೈಟ್ ಎರಡಕ್ಕೂ ಕಂಟೇನರ್ ಸಾಕು. ಡೇಟಾಬೇಸ್‌ನ ಫೈಲುಗಳನ್ನು ಮಾತ್ರ ಕಂಟೇನರ್ ಪದರದೊಳಗೆ ಬಿಡಬೇಡಿ, ಬೇರೆ ವಾಲ್ಯೂಮ್‌ನಲ್ಲಿಡಿ (ಕಂಟೇನರ್ ಹೊರಗಿನ ಜಾಗ). ಕಂಟೇನರ್‌ಗಳು ಬಳಸುವ, ಪದರದ ಮೇಲೆ ಪದರ ಜೋಡಿಸುವ ಓವರ್‌ಲೇ ಫೈಲ್‌ಸಿಸ್ಟಮ್‌ನಲ್ಲಿ ಕೆಳಪದರದ ಫೈಲ್‌ಗೆ ಒಂದು ಬೈಟ್ ಬರೆದರೂ ಸಾಮಾನ್ಯವಾಗಿ ಇಡೀ ಫೈಲ್ ಮೇಲಕ್ಕೆ ನಕಲಾಗುತ್ತದೆ. ಜೊತೆಗೆ, ಕಂಟೇನರ್ ಅಳಿಸಿದರೆ ಆ ಮೇಲ್ಪದರವೂ ಹೋಯಿತು.

ಅಂದಹಾಗೆ, ಆ ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಕೀಲಿ) ಏನಾದರೂ ಇದೆಯಾ? ಪತ್ರದಲ್ಲಿ ಬರೆದಿಲ್ಲ. ಇದ್ದರೆ ಕೆವಿಎಂ ಅದನ್ನು ಒಳಗಿನ ವಿಂಡೋಸ್‌ಗೆ ದಾಟಿಸಬಲ್ಲದು. ಹಳೇ ಕಂಪ್ಯೂಟರ್ ಬಿಚ್ಚಿಡುವ ಮೊದಲೇ ಅದೊಂದನ್ನು ಪರೀಕ್ಷಿಸಿ.

— ಸಂ.