ಸೆಣಬಿನ ಹೂ ದುಂಬಿಗೋ, ಮಣ್ಣಿಗೋ?

ಪ್ರಶ್ನೆ: ನಮ್ಮ ಹಿತ್ತಲಿನ ಕುಂಬಳ ಬಳ್ಳಿಯಲ್ಲಿ ಹೂ ಧಾರಾಳವಾಗಿ ಬಿಡುತ್ತವೆ, ಆದರೆ ಹೀಚುಗಳು ಹಳದಿಯಾಗಿ ಉದುರುತ್ತವೆ. ಜೇನುಹುಳು ಕಾಣುವುದೇ ಅಪರೂಪ. ಪಕ್ಕದ ನಾಲ್ಕು ಗುಂಟೆ ಎರೆಭೂಮಿಯಲ್ಲಿ ಜೂನ್‌ನಲ್ಲಿ ಹಸಿರು ಗೊಬ್ಬರಕ್ಕೆಂದು ಸೆಣಬು ಬಿತ್ತಿದ್ದೇನೆ. ಹೂ ಕಾಣುತ್ತಲೇ ಅದನ್ನು ಮಣ್ಣಿಗೆ ಸೇರಿಸಬೇಕೆಂದು ಹಿರಿಯರು ಹೇಳುತ್ತಾರೆ. ಹಾಗಾದರೆ ಹುಳುಗಳಿಗೆ ಅದರಿಂದ ಏನು ಸಿಕ್ಕಂತಾಯಿತು?
– ಓದುಗರೊಬ್ಬರು, ಸಿಂದಗಿ, ವಿಜಯಪುರ ಜಿಲ್ಲೆ

ಉತ್ತರ: ಹಿರಿಯರ ಮಾತು ಸರಿ. ಬಿತ್ತಿದ 45–50 ದಿನಗಳಲ್ಲಿ, ಹೂ ಆರಂಭವಾಗುವಾಗ ಸೆಣಬಿನ ಕಾಂಡ ಎಳೆಯದಾಗಿರುವುದರಿಂದ ಬೇಗ ಕೊಳೆಯುತ್ತದೆ. ತಡಮಾಡಿದರೆ ನಾರು ಬಲಿಯುತ್ತದೆ. ನಿಮ್ಮ ಸೀಮೆಯಲ್ಲಿ ಆಗಸ್ಟ್‌ನಲ್ಲೇ ಮಗುಚಿದರೆ ಸೆಪ್ಟೆಂಬರ್ ಮಳೆಯಲ್ಲಿ ಅದು ಕೊಳೆತು, ಹಿಂಗಾರಿ ಜೋಳಕ್ಕೆ ಹೊಲ ಸಿದ್ಧವಾಗುತ್ತದೆ. ಆದ್ದರಿಂದ ಪೂರ್ತಿ ಹೊಲವನ್ನು ಹೂವಿಗೆ ಬಿಡಬೇಡಿ. ಬಳ್ಳಿಯ ಕಡೆಯ ಎರಡು ಸಾಲನ್ನು ಮಾತ್ರ ಉಳಿಸಿಕೊಳ್ಳಿ. ಮುಂದಿನ ವರ್ಷದ ಬೀಜವೂ ಅಲ್ಲೇ ಸಿಗುತ್ತದೆ.

ಆದರೆ ಸೆಣಬೊಂದನ್ನೇ ನೆಚ್ಚಿದರೆ ಕುಂಬಳ ಕಚ್ಚುವುದಿಲ್ಲ. ಸೆಣಬಿನ ಹಳದಿ ಹೂವಿನ ಕೆಳದಳಗಳು ದೋಣಿಯಂತೆ ಕೂಡಿಕೊಂಡಿರುತ್ತವೆ; ಒಣಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ ಭಾರ ಹಾಕಿ ಕುಳಿತಾಗ ಅದರ ತುದಿಯಿಂದ ಪರಾಗ ಹೊರಬರುತ್ತದೆ. ಈ ದುಂಬಿಯ ಗುಂಯ್ಗುಡುವ ಕಂಪನದಿಂದ ಬದನೆ ಹೂವಿಗೂ ಲಾಭವಿದೆ. ಕುಂಬಳಕ್ಕೆ ಮಾತ್ರ ತುಡುವೆ, ಕೋಲುಜೇನುಗಳು ಬೆಳಗ್ಗೆಯೇ ಬರಬೇಕು, ಏಕೆಂದರೆ ನಸುಕಿನಲ್ಲಿ ಅರಳಿದ ಹೂ ಬಿಸಿಲೇರುತ್ತಲೇ ಮುದುಡುತ್ತದೆ. ಅವು ನಿಮ್ಮ ಹಿತ್ತಲನ್ನು ರೂಢಿ ಮಾಡಿಕೊಳ್ಳಬೇಕಾದರೆ ವರ್ಷವಿಡೀ ಏನಾದರೊಂದು ಹೂ ಇರಬೇಕು. ಕೊತ್ತಂಬರಿ, ಸಬ್ಬಸಗಿಯ ಒಂದು ಮಡಿಯನ್ನು ಕೀಳದೆ ಹೂವಿಗೆ ಬಿಡಿ. ಹಿಂಗಾರಿನಲ್ಲಿ ಬದುವಿಗೆ ಕುಸುಬೆ ಹಾಕಿ (ಅದರ ಮುಳ್ಳಿಗೆ ದನವೂ ಬರುವುದಿಲ್ಲ). ತುಳಸಿ, ನುಗ್ಗೆ ಹೇಗೂ ಇರಲಿ. ದಪ್ಪ ಎಸಳಿನ ಚೆಂಡುಹೂ ಪೂಜೆಗೆ ಚೆಂದ, ಜೇನಿಗೆ ಅಷ್ಟಕ್ಕಷ್ಟೇ. ಕೀಟನಾಶಕ ಅನಿವಾರ್ಯವಾದರೆ ಹೂ ಮುಚ್ಚಿದ ಸಂಜೆಯಲ್ಲಿ ಮಾತ್ರ ಸಿಂಪಡಿಸಿ.

ಸದ್ಯಕ್ಕೆ ನಾಳೆ ಬೆಳಗ್ಗೆ ಒಂದು ಗಂಡು ಹೂ ಕಿತ್ತು, ಎಸಳು ಹರಿದು ತೆಗೆದು, ಅದರ ಪರಾಗವನ್ನು ಬುಡದಲ್ಲಿ ಪುಟ್ಟ ಕಾಯಿಯಿರುವ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಹೀಗೆ ಮಾಡಿದರೂ ಹೀಚು ಉದುರಿದರೆ ಅದನ್ನು ತಿರುಗಿಸಿ ನೋಡಿ: ಸೂಜಿ ಚುಚ್ಚಿದಂಥ ಗುರುತು, ಅದರಿಂದ ಒಸರಿದ ಅಂಟು ಕಂಡರೆ ಅದು ಹಣ್ಣುನೊಣದ ಕೆಲಸ. ಅಂಥ ಕಾಯಿಗಳನ್ನು ಬಳ್ಳಿಯ ಬುಡದಲ್ಲಿ ಬಿಡದೆ ಆಳವಾಗಿ ಹೂಳಿ.